ಗಾಯದ ಜಿಂಕೆಗೆ ಯಾವ ರಾಜ್ಯ?

ತಳಿ, ಜವಳಗಿರಿ, ಅಂಚೆಟ್ಟಿ, ಉರಿಗಂ ಕಡೆ ಕಾಡಂಚಿನಲ್ಲಿ ಹೊಲ ಮಾಡುವವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಉರುಳಿಗೆ ಕಾಲು ಸಿಕ್ಕಿದ ಜಿಂಕೆ, ನಾಡಬಂದೂಕಿನ ಚರೆ ತಿಂದ ಜಿಂಕೆ, ರಾತ್ರಿ ಟೆಂಪೋ ಗುದ್ದಿದ ಜಿಂಕೆ, ಊರುನಾಯಿಗಳು ತೊಡೆ ಹರಿದ ಜಿಂಕೆ, ಇವು ಯಾವುವೂ ಪೆಟ್ಟು ಬಿದ್ದ ಜಾಗದಲ್ಲೇ ಸಾಯುವುದಿಲ್ಲ. ಉಸಿರು ಇರುವವರೆಗೆ ಓಡುತ್ತವೆ. ಓಡಿ ಲಾಂಟಾನದ ಪೊದೆಯೊಳಗೋ, ಹಳ್ಳದ ದಡದಲ್ಲೋ, ನಮ್ಮ ರಾಗಿ ಹೊಲದ ಬದುವಿನಲ್ಲೋ ಬಿದ್ದು, ಒಂದು ದಿನವೋ ಎರಡು ದಿನವೋ ನರಳಿ ಪ್ರಾಣ ಬಿಡುತ್ತವೆ. ಮೂರನೆಯ ದಿನ ಗಾಳಿ ನಮ್ಮ ಕಡೆ ಬೀಸಿದಾಗ ಮೂಗಿಗೆ ವಾಸನೆ ಬಡಿದು ನಮಗೆ ಸುದ್ದಿ ತಿಳಿಯುತ್ತದೆ.

ನನ್ನ ಕೋರಿಕೆ ಇಷ್ಟೇ. ಹೀಗೆ ಗಾಯವಾಗಿ ತಪ್ಪಿಸಿಕೊಂಡ ಪ್ರಾಣಿಯ ಜಾಡು ಹಿಡಿದು ಹುಡುಕುವುದಕ್ಕೆ ಪಳಗಿದ ಒಂದು ನಾಯಿ, ಅದನ್ನು ಹಿಡಿದು ನಡೆಯಲು ಇಬ್ಬರು ಆಳು, ಜೊತೆಗೆ ಒಬ್ಬ ಪಶುವೈದ್ಯರು ಈ ಗಡಿಗೆ ಬೇಕು. ಆ ನಾಯಿ ತಮಿಳುನಾಡಿನದೋ ಕರ್ನಾಟಕದ್ದೋ ಎಂಬ ತಕರಾರು ಬರಬಾರದು. ಜಿಂಕೆಗೆ ಆ ತಕರಾರು ಗೊತ್ತಿಲ್ಲ.

ಕೆಲವರು ನಗಬಹುದು. "ಮನುಷ್ಯರಿಗೇ ಟೈಮಿಗೆ ಆಂಬುಲೆನ್ಸ್ ಬರಲ್ಲ, ನಿಮಗೆ ಜಿಂಕೆ ಚಿಂತೆ ಯಾಕಣ್ಣಾ?" ಎಂದು ಡೆಂಕಣಿಕೋಟೆ ಸಂತೆಯಲ್ಲಿ ಒಬ್ಬ ವ್ಯಾಪಾರಿ ಮಿತ್ರರು ನನ್ನನ್ನು ಕೇಳಿಯೇ ಬಿಟ್ಟರು. ಅವರ ಪ್ರಶ್ನೆ ತಪ್ಪಲ್ಲ. ಅದಕ್ಕೆ ಉತ್ತರ ಕೊಡಲೆಂದೇ ಈ ಬರಹ.

ಹಳೆಯ ಸೇಲಂ ಜಿಲ್ಲೆಯ ನಾಯಿ

ಈ ಭಾಗ ಮೊದಲು ಸೇಲಂ ಜಿಲ್ಲೆಯಲ್ಲಿತ್ತು. 1965ರಲ್ಲಿ ಧರ್ಮಪುರಿ ಬೇರೆಯಾಯಿತು, 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾಯಿತು. ಹೊಸೂರು, ಡೆಂಕಣಿಕೋಟೆ ಕೃಷ್ಣಗಿರಿಗೆ ಬಂದವು. ಪೆನ್ನಾಗರ, ಹೊಗೇನಕಲ್ ಧರ್ಮಪುರಿಯಲ್ಲಿ ಉಳಿದವು. ಕಾಗದದ ಮೇಲೆ ಎಷ್ಟು ಗೀಟು ಎಳೆದರೂ ಕಾಡು ಮಾತ್ರ ಒಂದೇ. ಬನ್ನೇರುಘಟ್ಟದಿಂದ ಹೊರಟ ಆನೆ ತಳಿ, ಜವಳಗಿರಿ ದಾಟಿ ನಮ್ಮ ರಾಗಿ ತಿಂದು ಹೋಗುವುದು ಪ್ರತಿ ಚಳಿಗಾಲದ ಮಾತು. ಅದು ಯಾವ ಚೆಕ್‌ಪೋಸ್ಟಿನಲ್ಲೂ ನಿಂತು ಕಾಗದ ತೋರಿಸುವುದಿಲ್ಲ.

ಈ ಕಾಡುಗಳನ್ನು ಪುಸ್ತಕಕ್ಕೆ ತಂದವನು ಬೆಂಗಳೂರಿನಲ್ಲಿ ನೆಲೆಸಿದ್ದ ಬೇಟೆಗಾರ ಕೆನೆತ್ ಆಂಡರ್ಸನ್. 1954ರಲ್ಲಿ ಬಂದ ಅವನ ಮೊದಲ ಪುಸ್ತಕದಲ್ಲೇ ಜವಳಗಿರಿಯ ನರಭಕ್ಷಕಿಯ ಕಥೆ ಇದೆ. ಪೂರ್ಣಚಂದ್ರ ತೇಜಸ್ವಿಯವರು 'ಕಾಡಿನ ಕಥೆಗಳು' ಎಂದು ಅವನ ಬರಹಗಳನ್ನು ಕನ್ನಡಕ್ಕೆ ತಂದದ್ದರಿಂದ ನಮ್ಮ ಹುಡುಗರಿಗೂ ಆಂಡರ್ಸನ್ ಗೊತ್ತು. 1959ರಲ್ಲಿ ಬಂದ ಇನ್ನೊಂದು ಪುಸ್ತಕಕ್ಕೆ ಡೆಂಕಣಿಕೋಟೆ ಹತ್ತಿರದ ಶಿವನಿಪಳ್ಳಿಯ ಕಪ್ಪು ಚಿರತೆಯ ಹೆಸರಿದೆ. ಗುಂಡು ತಗುಲಿ ಕಾಡಿನೊಳಗೆ ಹೋದ ಆ ಚಿರತೆಯ ಜಾಡು ಹಿಡಿಯಲು ಅವನು ಜೊತೆಗೆ ಕರೆದುಕೊಂಡು ಹೋದದ್ದು ಸೀಮೆಯಿಂದ ತರಿಸಿದ ಜಾತಿನಾಯಿಯನ್ನಲ್ಲ. ಕುಶ್-ಕುಶ್-ಕರಿಯ ಎಂದು ಕರೆಯುತ್ತಿದ್ದ ನಮ್ಮ ಕಡೆಯ ಒಂದು ಹಳ್ಳಿನಾಯಿಯನ್ನು.

ಇದನ್ನು ನೆನಪಿಸುವುದು ಬೇಟೆಯನ್ನು ಹೊಗಳುವುದಕ್ಕಲ್ಲ. ಆ ಕಾಲ ಮುಗಿಯಿತು, ಮುಗಿದದ್ದೇ ಒಳ್ಳೆಯದು. ಆದರೆ ಆ ಕಾಲದ ಒಳ್ಳೆಯ ಬೇಟೆಗಾರರು ಒಂದು ನೇಮ ಇಟ್ಟುಕೊಂಡಿದ್ದರು. ಗಾಯ ಮಾಡಿದ ಪ್ರಾಣಿಯನ್ನು ಕಾಡಿನಲ್ಲಿ ಬಿಟ್ಟು ಮನೆಗೆ ಬಂದು ಊಟಕ್ಕೆ ಕೂರಬಾರದು. ಹೊಡೆದವನೇ ಹುಡುಕಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬೇಟೆ ನಿಂತಿತು ಎಂದು ಕಾಗದ ಹೇಳುತ್ತದೆ. ಗಾಯ ನಿಲ್ಲಲಿಲ್ಲ. ನಿಂತದ್ದು ಗಾಯವಾದ ಪ್ರಾಣಿಯನ್ನು ಹುಡುಕುವ ಆ ನೇಮ ಮಾತ್ರ. ಈಗ ಕದ್ದು ಹೊಡೆಯುವವನು ಬೆಳಕು ಹರಿಯುವ ಮುಂಚೆ ಊರು ಸೇರಬೇಕು. ಅವನೆಲ್ಲಿ ಜಾಡು ಹಿಡಿದು ಕೂರುತ್ತಾನೆ?

ಜಾಡು, ಜಾಡ

ಕನ್ನಡದಲ್ಲಿ ಜಾಡು, ತೆಲುಗಿನಲ್ಲಿ ಜಾಡ. ಕನ್ನಡದಲ್ಲಿ ಜಿಂಕೆ, ತೆಲುಗಿನಲ್ಲಿ ಜಿಂಕ. ಎರಡೂ ಭಾಷೆಯಲ್ಲಿ ನಾಲ್ಕು ಪದ್ಯ ಕಟ್ಟುವ ನನ್ನಂಥವನಿಗೆ ಇಂಥ ಮಾತು ಸಿಕ್ಕಿದರೆ ಹಬ್ಬ. ಒಂದು ಅಕ್ಷರ ಉಕಾರ ಬಿಟ್ಟು ಅಕಾರ ಹಿಡಿದರೆ ಸಾಕು, ಗಡಿ ದಾಟಿಬಿಡುತ್ತೇವೆ. "ಜಾಡ ದೊರಿಕಿತೇ ಪ್ರಾಣಂ ದಕ್ಕಿನಟ್ಟೇ" ಎಂದು ನಮ್ಮ ಮನೆಯಲ್ಲಿ ತೆಲುಗಿನಲ್ಲಿ ಹೇಳಿಕೊಳ್ಳುತ್ತೇವೆ. ಜಾಡು ಸಿಕ್ಕಿದರೆ ಜೀವ ಉಳಿದಂತೆ ಎಂದು ಅರ್ಥ. ಕಳೆದುಹೋದ ಹಸುವಿಗೂ ಅದೇ ಮಾತು, ಮುನಿಸಿಕೊಂಡು ಊರು ಬಿಟ್ಟ ಮಗನಿಗೂ ಅದೇ ಮಾತು.

ಜಾಡು ಓದುವುದು ಒಂದು ವಿದ್ಯೆ. ರಕ್ತ ತಿಳಿ ಕೆಂಪಾಗಿ ನೊರೆ ಕೂಡಿದ್ದರೆ ಪೆಟ್ಟು ಶ್ವಾಸಕೋಶಕ್ಕೆ, ಪ್ರಾಣಿ ದೂರ ಹೋಗಿರುವುದಿಲ್ಲ. ಕಪ್ಪುಗೆಂಪಾಗಿದ್ದರೆ ಈಲಿಗೆ. ಹಸುರು ಬೆರೆತು ನಾತ ಹೊಡೆದರೆ ಹೊಟ್ಟೆಗೆ, ಆಗ ಪ್ರಾಣಿ ಗಂಟೆಗಟ್ಟಲೆ ಬದುಕಿ ನರಳುತ್ತದೆ. ಮೂಳೆಯ ಚೂರು ಬಿದ್ದಿದ್ದರೆ ಕಾಲು ಮುರಿದಿದೆ, ಮೂರು ಕಾಲಿನಲ್ಲಿ ಬಹಳ ದೂರ ಹೋಗುತ್ತದೆ. ನಮ್ಮ ಕಡೆಯ ಇರುಳರ ಹಿರಿಯರು ಒಂದು ಮುರಿದ ಹುಲ್ಲುಕಡ್ಡಿ ನೋಡಿ ಇಷ್ಟನ್ನೂ ಹೇಳುತ್ತಾರೆ. ಆದರೆ ರಕ್ತ ನಿಂತುಹೋದ ಮೇಲೆ, ಬಂಡೆಯ ಮೇಲೆ ಹೆಜ್ಜೆ ಮೂಡದಿದ್ದಾಗ, ಎಂಥ ಕಣ್ಣಿದ್ದರೂ ಸೋಲುತ್ತದೆ. ಅಲ್ಲಿಂದ ಮುಂದೆ ಮೂಗು ಬೇಕು.

ಮೂಗಿನ ಕೆಲಸವನ್ನು ಬಹಳ ಕಾಲದಿಂದ ಅಚ್ಚುಕಟ್ಟಾಗಿ ನಡೆಸಿಕೊಂಡು ಬಂದವರು ಜರ್ಮನಿಯವರು. ಅಲ್ಲಿ ಗಾಯದ ಜಾಡು ಹಿಡಿಯುವುದಕ್ಕೇ ಮೀಸಲಾದ ನಾಯಿ ಜಾತಿಗಳಿವೆ. ಅವುಗಳಲ್ಲಿ ಹ್ಯಾನೋವರ್ ಕಡೆಯ ನಾಯಿಗೆ ಹೆಸರು ಹೆಚ್ಚು. ಆ ಜಾತಿಯನ್ನು ಕಾಪಾಡುವ ಸಂಘ 1894ರಲ್ಲೇ ಹುಟ್ಟಿತು. ಅವರ ಭಾಷೆಯಲ್ಲಿ ಈ ನಾಯಿಗೆ ಷ್ವೈಸ್‌ಹುಂಡ್ ಎನ್ನುತ್ತಾರೆ. ಷ್ವೈಸ್ ಎಂದರೆ ಊರ ಮಾತಿನಲ್ಲಿ ಬೆವರು, ಬೇಟೆಗಾರರ ಮಾತಿನಲ್ಲಿ ರಕ್ತ. ಬೆವರು ರಕ್ತ ಎರಡಕ್ಕೂ ಒಂದೇ ಮಾತು ಎಂದರೆ ರೈತರಿಗೆ ಅದರ ಅರ್ಥ ಬೇಗ ಹೊಳೆಯುತ್ತದೆ.

ಈ ನಾಯಿಯನ್ನು ಜಿಂಕೆ ಹಿಂದೆ ಬಿಟ್ಟು ಓಡಿಸುವುದಿಲ್ಲ. ಕತ್ತಿಗೆ ಅಗಲವಾದ ಪಟ್ಟಿ ಹಾಕಿ, ಉದ್ದನೆಯ ಹಗ್ಗ ಕಟ್ಟಿ, ಹಿಂದೆ ಮನುಷ್ಯ ನಿಧಾನವಾಗಿ ನಡೆಯುತ್ತಾನೆ. ಅನೇಕ ಜಾತಿಯ ಜಿಂಕೆಗಳ ಗೊರಸಿನ ಸಂದಿನಲ್ಲಿ ವಾಸನೆಯ ಗ್ರಂಥಿ ಇರುತ್ತದೆ, ಹೆಜ್ಜೆ ಊರಿದಲ್ಲೆಲ್ಲ ಆ ವಾಸನೆ ಉಳಿಯುತ್ತದೆ. ಒಂದೊಂದು ಪ್ರಾಣಿಯ ವಾಸನೆಯೂ ಬೇರೆ. ಹತ್ತು ಜಿಂಕೆ ಅಡ್ಡ ಹಾಯ್ದ ಜಾಗದಲ್ಲೂ ತಾನು ಹಿಡಿದ ಒಂದೇ ಜಿಂಕೆಯ ಜಾಡು ಬಿಡದೆ ಹೋಗುವುದೇ ನಾಯಿಯ ತರಬೇತಿ. ಮರಿಯಾಗಿದ್ದಾಗಲೇ ಜಾಡು ಹಾಕಿ ಕಲಿಸುತ್ತಾರೆ. ಮೊದಲು ಒಂದೆರಡು ಗಂಟೆ ಹಳೆಯ ಜಾಡು, ಆಮೇಲೆ ಇಡೀ ರಾತ್ರಿ ಕಳೆದ ಜಾಡು. ಚೆನ್ನಾಗಿ ಕಲಿತ ನಾಯಿ ಹಿಂದಿನ ದಿನದ ಜಾಡನ್ನೂ ಹಿಡಿಯುತ್ತದೆ. ಇನ್ನೊಂದು ವಿಷಯ. ಅಲ್ಲಿ ಈ ನಾಯಿಗಳನ್ನು ಬೇಟೆಗೆ ಮಾತ್ರ ಕರೆಯುವುದಿಲ್ಲ. ರಸ್ತೆಯಲ್ಲಿ ಕಾರು ಗುದ್ದಿ ಕಾಡಿಗೆ ಓಡಿದ ಜಿಂಕೆಯನ್ನು ಹುಡುಕಲಿಕ್ಕೂ ಕರೆಯುತ್ತಾರೆ.

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಮಾತು ನಮಗೆ ಇನ್ನೂ ಹತ್ತಿರ. ಅಲ್ಲಿ ಜಿಂಕೆ ವಿಷಯಕ್ಕೆ ನಾಯಿ ತರಲೇಬಾರದು ಎಂಬ ಕಾನೂನಿತ್ತು. 1970ರ ದಶಕದಲ್ಲಿ ಕೆಲವರು ವಿಶೇಷ ಅನುಮತಿ ಪಡೆದು, ಹಗ್ಗ ಕಟ್ಟಿದ ನಾಯಿಯಿಂದ ಗಾಯದ ಜಿಂಕೆ ಹುಡುಕಿ ತೋರಿಸಿದರು. 1986ರಲ್ಲಿ ಕಾನೂನು ಅವರಿಗೆ ದಾರಿ ಬಿಟ್ಟಿತು. ಜಿಂಕೆಯನ್ನು ಓಡಿಸುವ ನಾಯಿ ಬೇರೆ, ಹುಡುಕುವ ನಾಯಿ ಬೇರೆ ಎಂದು ಸರ್ಕಾರಕ್ಕೆ ಮನವರಿಕೆಯಾಯಿತು.

ಮುಧೋಳವೂ ಅಲ್ಲ, ಊರುನಾಯಿಯೂ ಅಲ್ಲ

ನಾಯಿ ಎಂದ ಕೂಡಲೆ ಕನ್ನಡದವರು ಮುಧೋಳ ಎನ್ನುತ್ತಾರೆ, ತಮಿಳಿನವರು ರಾಜಪಾಳ್ಯಂ, ಚಿಪ್ಪಿಪಾರೈ ಎನ್ನುತ್ತಾರೆ. 2005ರಲ್ಲಿ ಅಂಚೆ ಇಲಾಖೆ ಮುಧೋಳಕ್ಕೂ ರಾಜಪಾಳ್ಯಕ್ಕೂ ಸ್ಟಾಂಪು ಹಾಕಿ ಇಬ್ಬರನ್ನೂ ಸಮ ಮಾಡಿತು. ಅಭಿಮಾನ ಇರಲಿ, ಆದರೆ ಕೆಲಸಕ್ಕೆ ತಕ್ಕ ನಾಯಿ ಬೇಕು. ಮುಧೋಳ, ಚಿಪ್ಪಿಪಾರೈ ಕಣ್ಣಿನ ನಾಯಿಗಳು. ಕಂಡದ್ದನ್ನು ಅಟ್ಟಿ ಹಿಡಿಯುವುದೇ ಅವುಗಳ ಹುಟ್ಟುಗುಣ. ಗಾಯದ ಜಿಂಕೆಗೆ ಬೇಕಾಗಿರುವುದು ಇದಕ್ಕೆ ತೀರಾ ವಿರುದ್ಧವಾದ ನಾಯಿ. ನೆಲಕ್ಕೆ ಮೂಗು ಹಚ್ಚಿ, ಬೊಗಳದೆ, ಅವಸರವಿಲ್ಲದೆ ನಡೆಯಬೇಕು.

ಯಾಕೆಂದರೆ ಜಿಂಕೆ ಜಾತಿಯದು ಬಹಳ ಪುಕ್ಕಲು ಜೀವ. ಅಟ್ಟಿಸಿ ಅಟ್ಟಿಸಿ ಹಿಡಿದ ಜಿಂಕೆ, ಮೈಮೇಲೆ ಗಾಯವೇ ಇಲ್ಲದಿದ್ದರೂ, ಭಯಕ್ಕೆ ಸ್ನಾಯುಗಳು ಕೆಟ್ಟು ಆಮೇಲೆ ಸಾಯುವುದುಂಟು. ಇದನ್ನು ಪಶುವೈದ್ಯರು ಚೆನ್ನಾಗಿ ಬಲ್ಲರು. ಊರಿನ ಹುಡುಗರು ಕನಿಕರದಿಂದಲೇ ಗುಂಪು ಕಟ್ಟಿ ಓಡಿಸಿ, ಹಗ್ಗ ಹಾಕಿ ಹಿಡಿದು, ನೀರು ಕುಡಿಸಿ, ಫೋಟೋ ತೆಗೆಸಿಕೊಳ್ಳುತ್ತಾರೆ. ಸಂಜೆಗೆ ಜಿಂಕೆ ಸತ್ತಿರುತ್ತದೆ. ಅವರನ್ನು ಬೈಯುವುದರಿಂದ ಫಲವಿಲ್ಲ. ಅವರಿಗೆ ಬೇರೆ ದಾರಿ ತೋರಿಸಬೇಕು.

ನಮ್ಮಲ್ಲಿ ಇಂಥ ನಾಯಿಗಳು ಇಲ್ಲವೇ ಇಲ್ಲ ಎಂದಲ್ಲ. ಟ್ರಾಫಿಕ್ ಎಂಬ ಸಂಸ್ಥೆ 2008ರಿಂದ ದೇಶದ ಅರಣ್ಯ ಇಲಾಖೆಗಳಿಗೆ ವನ್ಯಜೀವಿ ಅಪರಾಧ ಪತ್ತೆಗೆ ನಾಯಿ ತರಬೇತಿ ಕೊಡಿಸುತ್ತಾ ಬಂದಿದೆ. ಒಂದು ನಾಯಿಗೆ ಇಬ್ಬರು ಪಾಲಕರು. ಬಂಡೀಪುರದ ರಾಣಾ ಎಂಬ ಜರ್ಮನ್ ಷೆಫರ್ಡ್ ಹೆಸರು ಪತ್ರಿಕೆ ಓದುವವರಿಗೆಲ್ಲ ಗೊತ್ತು. 2019ರ ಅಕ್ಟೋಬರಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಚೌಡಹಳ್ಳಿ ಕಡೆ ಜನರನ್ನು ಕೊಂದ ಹುಲಿಯ ಹುಡುಕಾಟದಲ್ಲಿ ರಾಣಾ ಇದ್ದ. 2021ರ ಅಕ್ಟೋಬರಿನಲ್ಲಿ ಮುದುಮಲೆ, ಗೂಡಲೂರು ಕಡೆ ಟಿ-23 ಎಂಬ ಹುಲಿಗಾಗಿ ದಿನಗಟ್ಟಲೆ ಹುಡುಕಿದಾಗ ಇದೇ ರಾಣಾ ಗಡಿ ದಾಟಿ ತಮಿಳುನಾಡಿಗೆ ಹೋದ. ಅದೇ ತಿಂಗಳ 15ರಂದು ಆ ಹುಲಿ ಜೀವಂತ ಸಿಕ್ಕಿತು. ಮೈತುಂಬ ಗಾಯವಾಗಿದ್ದ ಅದನ್ನು ಚಿಕಿತ್ಸೆಗೆ ತಂದದ್ದು ಎಲ್ಲಿಗೆ? ನಮ್ಮ ಮೈಸೂರಿಗೆ.

ಕರ್ನಾಟಕದ ನಾಯಿ ತಮಿಳುನಾಡಿಗೆ ಹೋಗಿ ಜಾಡು ಹುಡುಕಿತು, ತಮಿಳುನಾಡಿನ ಹುಲಿ ಕರ್ನಾಟಕಕ್ಕೆ ಬಂದು ಔಷಧಿ ತೆಗೆದುಕೊಂಡಿತು. ಕಾವೇರಿ ನೀರಿನ ಜಗಳ ಆಗ ಯಾರ ಬಾಯಲ್ಲೂ ಬರಲಿಲ್ಲ. ಮನಸ್ಸು ಮಾಡಿದರೆ ಎರಡು ಸರ್ಕಾರಗಳಿಗೂ ಇದು ಸಾಧ್ಯ ಎಂದಾಯಿತು. ಹುಲಿಗೆ ಸಿಕ್ಕಿದ ರಹದಾರಿ ಜಿಂಕೆಗೆ ಯಾಕೆ ಸಿಗಬಾರದು ಎಂಬುದೊಂದೇ ನನ್ನ ಪ್ರಶ್ನೆ.

ರೈತನಿಗೇನು ಲಾಭ?

ಈಗ ಸಂತೆಯ ಮಿತ್ರರ ಪ್ರಶ್ನೆಗೆ ಬರುತ್ತೇನೆ. ಜಿಂಕೆ ನಮ್ಮ ಶತ್ರುವಲ್ಲದಿದ್ದರೂ ನೆಂಟನೂ ಅಲ್ಲ. ಅವರೆ ಹೂ ಬಿಡುವ ಹೊತ್ತಿಗೆ ಬಂದು ಕುಡಿ ಕತ್ತರಿಸುತ್ತದೆ. ಹುರುಳಿ, ಅಲಸಂದೆ, ಬೀನ್ಸು ಯಾವುದನ್ನೂ ಬಿಡುವುದಿಲ್ಲ. ನಾನೂ ಮಚಾನಿನ ಮೇಲೆ ಟಾರ್ಚು ಹಿಡಿದು ಎಷ್ಟೋ ರಾತ್ರಿ ಕಳೆದವನೇ. ಬೆಳೆ ಕಾಯುವುದು ಬೇರೆ, ಗಾಯದ ಪ್ರಾಣಿಯನ್ನು ಕೊಳೆಯಲು ಬಿಡುವುದು ಬೇರೆ. ಧರ್ಮದ ಮಾತು ಪಕ್ಕಕ್ಕಿಡೋಣ, ಲೆಕ್ಕದ ಮಾತೇ ಆಡೋಣ.

ಮೊದಲನೆಯದು ಚಿರತೆ. ಗಾಯದ ಜಿಂಕೆ ಹೊಲದ ಹತ್ತಿರ ಬಿದ್ದರೆ ಅದರ ಹಿಂದೆ ಚಿರತೆ ಬರುತ್ತದೆ. ಒಮ್ಮೆ ಬಂದ ಚಿರತೆಗೆ ನಮ್ಮ ದೊಡ್ಡಿಯ ದಾರಿಯೂ ಗೊತ್ತಾಗುತ್ತದೆ.

ಎರಡನೆಯದು ಊರುನಾಯಿ. ನರಳುತ್ತಿರುವ ಜಿಂಕೆಯನ್ನು ಹರಿದು ತಿಂದು ರುಚಿ ಕಂಡ ನಾಯಿಗುಂಪು ಮುಂದಿನ ವಾರ ಗಾಯವಿಲ್ಲದ ಜಿಂಕೆಯನ್ನು ಅಟ್ಟುತ್ತದೆ, ಅದರ ಮುಂದಿನ ವಾರ ನಮ್ಮ ಕುರಿಮರಿಯನ್ನು. ಇದು ಕುರಿ ಸಾಕುವವರೆಲ್ಲ ಕಂಡ ಸತ್ಯ.

ಮೂರನೆಯದು ಕೇಸು. ಕಾಯಿದೆ ಪ್ರಕಾರ ಕಾಡುಪ್ರಾಣಿಯನ್ನು ಕೊಲ್ಲುವುದಷ್ಟೇ ಬೇಟೆಯಲ್ಲ. ಉರುಳು ಹಾಕುವುದು, ಗಾಯ ಮಾಡುವುದು, ಅಂಥ ಪ್ರಯತ್ನ ಮಾಡುವುದು ಎಲ್ಲವೂ ಬೇಟೆಯೇ. ಬೇಟೆಯಾಡಿದ ಪ್ರಾಣಿ, ಸತ್ತು ಸಿಕ್ಕಿದ ಪ್ರಾಣಿ ಸರ್ಕಾರದ ಸೊತ್ತು. ಅದು ಯಾರ ಕೈಗೆ ಬಂತೋ ಅವರು 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕಾರಿಗೋ ತಿಳಿಸಬೇಕು. ನಮ್ಮ ಹೊಲದಲ್ಲಿ ಯಾರೋ ಹೊಡೆದ ಜಿಂಕೆ ಬಿದ್ದಿದ್ದರೆ ಮೊದಲು ಅನುಮಾನ ಬರುವುದು ನಮ್ಮ ಮೇಲೇ. ಅದಕ್ಕೇ ಜನ ಕಂಡರೂ ಕಾಣದವರಂತೆ ಹೋಗುತ್ತಾರೆ. ನಾಯಿ ಬಂದರೆ ಜಾಡನ್ನು ಮುಂದಕ್ಕೂ ಹಿಡಿಯುತ್ತಾರೆ, ಹಿಂದಕ್ಕೂ ಹೋಗಿ ನೋಡುತ್ತಾರೆ. ಹಿಂದಕ್ಕೆ ಹೋದರೆ ಉರುಳು ಕಟ್ಟಿದ ಮರ ಸಿಗುತ್ತದೆ, ಚರೆ ಬಿದ್ದ ಜಾಗ ಸಿಗುತ್ತದೆ. ನಿರಪರಾಧಿ ರೈತನಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಯಾವುದು?

ಎರಡು ವರ್ಷದ ಹಿಂದೆ, ಅವರೆ ಕಾಲದಲ್ಲಿ, ನಮ್ಮ ಹೊಲದ ಅಂಚಿನಲ್ಲಿ ರಕ್ತ ಕಂಡಿತು. ರಾಗಿ ಕೂಳೆಯ ಮೇಲೆ ಹನಿ ಹನಿ. ಒಂದು ಹಿಂಗಾಲು ನೆಲಕ್ಕೆ ಎಳೆದ ಗುರುತು. ನಮ್ಮೂರಿನ ಇರುಳರ ತಾತನನ್ನು ಕರೆದೆ. ಅವನು ಕುಕ್ಕರುಗಾಲಲ್ಲಿ ಕೂತು ನೋಡಿ, "ಹೆಣ್ಣು ಜಿಂಕೆ ಸಾಮಿ, ಕಾಲಲ್ಲಿ ತಂತಿ ಐತೆ, ತಂತಿ ಎಳ್ಕೊಂಡೇ ಓಡ್ತಾ ಐತೆ" ಅಂದ. ಹಳ್ಳದವರೆಗೆ ಜಾಡು ತೋರಿಸಿದ. ಹಳ್ಳದ ಬಂಡೆ ಮೇಲೆ ಅವನ ಕಣ್ಣೂ ಸೋತಿತು. ಸಂಬಂಧಪಟ್ಟವರಿಗೆ ಫೋನು ಮಾಡಿದೆವು. ಒಂದು ಕಡೆಯಿಂದ "ಆ ಹಳ್ಳದ ಆಚೆ ನಮಗೆ ಬರಲ್ಲ" ಎಂಬ ಉತ್ತರ, ಇನ್ನೊಂದು ಕಡೆಯಿಂದ "ನಾಳೆ ಬರ್ತೀವಿ". ಯಾವ ಕಚೇರಿ ಎಂದು ಇಲ್ಲಿ ಬರೆಯುವುದು ಬೇಡ, ಇಬ್ಬರಿಗೂ ಆಳು ಕಡಿಮೆ, ಅದು ನನಗೂ ಗೊತ್ತು. ಮಾರನೆಯ ದಿನ ಸಂಜೆ ಕಾಗೆಗಳು ಜಾಗ ತೋರಿಸಿದವು. ನಾಯಿಗಳು ತಿಂದು ಬಿಟ್ಟ ಮೇಲೆ ಉಳಿದದ್ದರಲ್ಲಿ ಆ ತಂತಿ ಹಾಗೇ ಇತ್ತು. ಮೋಟಾರ್ ಸೈಕಲ್ಲಿನ ಕ್ಲಚ್ ವೈರು. ಹೊಟ್ಟೆಯಲ್ಲಿ ಮರಿ ಇತ್ತು.

ನಾವು ಹುಡುಕಿದ ಹಳ್ಳದಿಂದ ಆ ಜಾಗ ಮುನ್ನೂರು ಮಾರು ದೂರ. ಪಳಗಿದ ನಾಯಿ ಇದ್ದಿದ್ದರೆ ಅದು ಅರ್ಧ ಗಂಟೆಯ ಕೆಲಸ. ತಂತಿ ಕತ್ತರಿಸಿ, ಗಾಯಕ್ಕೆ ಮದ್ದು ಹಾಕಿ ಬಿಟ್ಟರೆ ಬದುಕುತ್ತಿತ್ತೋ ಇಲ್ಲವೋ, ಅದನ್ನು ವೈದ್ಯರು ಹೇಳಬೇಕು. ಕೇಳುವುದಕ್ಕೆ ವೈದ್ಯರು ಇರಲಿಲ್ಲ ಎಂಬುದೇ ನನ್ನ ದೂರು.

ವ್ಯಾಪಾರಿಗಳಿಗೆ ಎರಡು ಮಾತು

ಈ ಪುಟವನ್ನು ವ್ಯಾಪಾರಿ ಮಿತ್ರರೂ ಓದುತ್ತಾರೆ. ಹೊಸೂರು, ರಾಯಕೋಟೆ ಕಡೆಯಿಂದ ಟೊಮೇಟೊ, ಹೂವು, ಸೊಪ್ಪು ಹೊತ್ತ ಟೆಂಪೋಗಳು ಬೆಳಗಿನ ಜಾವದ ಮಾರ್ಕೆಟ್ಟಿಗೆ ಹೊರಡುವ ಹೊತ್ತೂ, ಜಿಂಕೆ ರಸ್ತೆ ದಾಟುವ ಹೊತ್ತೂ ಒಂದೇ. ಗುದ್ದಿದ ಡ್ರೈವರು ಕೇಸಿನ ಭಯಕ್ಕೆ ನಿಲ್ಲಿಸುವುದಿಲ್ಲ. ನಿಲ್ಲಿಸಿ ಹೇಳಿದವನನ್ನು ಮೊದಲು ಅಪರಾಧಿಯಂತೆ ನೋಡದಿದ್ದರೆ, ಕಿಲೋಮೀಟರ್ ಕಲ್ಲಿನ ನಂಬರು ಹೇಳಿ ಅವನು ಮುಂದೆ ಹೋಗಬಹುದು. ಜಾಡು ಎಲ್ಲಿ ಶುರುವಾಯಿತೆಂದು ಗೊತ್ತಾದರೆ ನಾಯಿಗೆ ಅರ್ಧ ಕೆಲಸ ಮುಗಿದಂತೆ. ಇನ್ನು, ಹಳೆ ಕ್ಲಚ್ ವೈರು, ಬ್ರೇಕ್ ವೈರನ್ನು ಕಟ್ಟುಗಟ್ಟಲೆ ಕೇಳಿಕೊಂಡು ಬರುವವನಿಗೆ ಮೋಟಾರ್ ಸೈಕಲ್ಲೇ ಇಲ್ಲ ಎಂಬುದು ಗುಜರಿ ಅಂಗಡಿಯವರಿಗೆ ಚೆನ್ನಾಗಿ ಗೊತ್ತಿರುತ್ತದೆ. ನಾಲ್ಕು ಕಾಸಿನ ವ್ಯಾಪಾರಕ್ಕೆ ಒಂದು ಬಸುರಿ ಜೀವ ಬೆಲೆಯಾಗಬೇಕೆ?

ಬಂದೂಕಿನ ಗಡಿ

2023ರ ಫೆಬ್ರವರಿಯಲ್ಲಿ ಸೇಲಂ ಜಿಲ್ಲೆಯ ಗಡಿಯಲ್ಲಿ ಪಾಲಾರ್ ಹತ್ತಿರ ನಡೆದದ್ದನ್ನು ಗಡಿಯವರು ಯಾರೂ ಮರೆತಿಲ್ಲ. ಕರ್ನಾಟಕದ ಅರಣ್ಯ ಸಿಬ್ಬಂದಿ ಗುಂಡು ಹಾರಿಸಿದರು, ಆಮೇಲೆ ಮೇಟೂರು ಕಡೆಯ ಗೋವಿಂದಪಾಡಿಯ ಒಬ್ಬ ಮನುಷ್ಯನ ಹೆಣ ಹೊಳೆಯಲ್ಲಿ ಸಿಕ್ಕಿತು. ಜಿಂಕೆ ಬೇಟೆಗೆ ಬಂದವರು ಎಂದು ಇಲಾಖೆ ಹೇಳಿತು, ಮೀನು ಹಿಡಿಯಲು ಹೋದವನು ಎಂದು ಊರು ಹೇಳಿತು. ಎರಡು ರಾಜ್ಯದ ನಡುವೆ ಆ ದಾರಿಯ ಬಸ್ಸು ಕೆಲವು ದಿನ ನಿಂತಿತು. ಯಾರದು ಸರಿ ಎಂದು ತೀರ್ಪು ಕೊಡಲು ನಾನು ನ್ಯಾಯಾಧೀಶನಲ್ಲ. ಆದರೆ ಗಡಿಯಲ್ಲಿ ಜಿಂಕೆಯ ಮಾತು ಬಂದಾಗೆಲ್ಲ ಎರಡೂ ಕಡೆಯವರು ಬಂದೂಕಿನ ಮೂಲಕವೇ ಭೇಟಿಯಾಗುತ್ತಾರೆ ಎಂಬುದು ದೊಡ್ಡ ದುಃಖ. ಗಾಯದ ಪ್ರಾಣಿಯನ್ನು ಹುಡುಕುವ ನಾಯಿಯ ಹಿಂದೆ ಅತ್ತ ಕಡೆಯ ಒಬ್ಬ ವಾಚರ್, ಇತ್ತ ಕಡೆಯ ಒಬ್ಬ ವಾಚರ್, ಮಧ್ಯೆ ಊರಿನ ಒಬ್ಬ ಇರುಳ ಅಥವಾ ಸೋಲಿಗ ಒಟ್ಟಿಗೆ ನಾಲ್ಕು ದಿನ ನಡೆದರೆ, ಐದನೆಯ ದಿನ ಒಬ್ಬರ ಫೋನ್ ನಂಬರು ಇನ್ನೊಬ್ಬರ ಜೇಬಿನಲ್ಲಿರುತ್ತದೆ. ಗುಂಡಿಗೆ ಮುಂಚೆ ಫೋನು ಬರುತ್ತದೆ.

ಕಾಡು ಈಗ ಎರಡೂ ಕಡೆ ಕಾನೂನಿನ ರಕ್ಷಣೆಯಲ್ಲಿದೆ. ಕರ್ನಾಟಕದಲ್ಲಿ ಬನ್ನೇರುಘಟ್ಟ, ಕಾವೇರಿ ವನ್ಯಧಾಮ, ಮಲೆ ಮಹದೇಶ್ವರ. ತಮಿಳುನಾಡಿನಲ್ಲಿ 2014ರಲ್ಲಿ ಕಾವೇರಿ ಉತ್ತರ ವನ್ಯಧಾಮ, ಸುಮಾರು 504 ಚದರ ಕಿಲೋಮೀಟರ್. 2022ರಲ್ಲಿ ಕಾವೇರಿ ದಕ್ಷಿಣ, ಸುಮಾರು 686 ಚದರ ಕಿಲೋಮೀಟರ್. ನಕ್ಷೆಯಲ್ಲಿ ಒಂದಕ್ಕೊಂದು ಅಂಟಿಕೊಂಡಿವೆ. ಅಂಟದೆ ಉಳಿದಿರುವುದು ಕಚೇರಿಗಳು ಮಾತ್ರ.

ಎರಡು ಆಕ್ಷೇಪಣೆ

ಕೆಲವು ಪರಿಸರದ ಮಿತ್ರರು, "ಗಾಯದ ಜಿಂಕೆ ಚಿರತೆಗೆ, ಸೀಳುನಾಯಿಗೆ, ಹದ್ದಿಗೆ ಆಹಾರ. ನೀವು ನಡುವೆ ಬರಬೇಡಿ" ಎನ್ನುತ್ತಾರೆ. ಕಾಡಿನೊಳಗೆ ಹುಲಿ ಹಿಡಿದು ತಪ್ಪಿದ ಜಿಂಕೆಗೆ ಈ ಮಾತು ಸರಿ. ಅಲ್ಲಿಗೆ ನಾಯಿ ಹೋಗಲೇಬಾರದು. ಆದರೆ ಕ್ಲಚ್ ವೈರು ಪ್ರಕೃತಿ ಕೊಟ್ಟದ್ದಲ್ಲ, ಟೆಂಪೋ ಬಂಪರು ಪ್ರಕೃತಿ ಕೊಟ್ಟದ್ದಲ್ಲ. ಮನುಷ್ಯ ಮಾಡಿದ ಗಾಯಕ್ಕೆ ಮನುಷ್ಯ ಉತ್ತರ ಕೊಡಬೇಕು. ಬದುಕಲಾರದ ಪ್ರಾಣಿಯನ್ನು ಏನು ಮಾಡಬೇಕೆಂಬ ನಿರ್ಧಾರವನ್ನೂ ಕಾಯಿದೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಬಿಟ್ಟಿದೆ. ಪ್ರಾಣಿ ಸಿಕ್ಕಿದರೆ ತಾನೇ ಅವರು ನಿರ್ಧಾರ ಮಾಡುವುದು?

ಇನ್ನೊಂದು ಆಕ್ಷೇಪಣೆ ಇನ್ನೂ ಗಟ್ಟಿಯಾದದ್ದು. "ಇವತ್ತು ಗಾಯದ ಜಿಂಕೆ ಅಂತೀರಿ, ನಾಳೆ ಅದೇ ನೆಪದಲ್ಲಿ ಊರಿಗೊಬ್ಬ ಬೇಟೆನಾಯಿ ಸಾಕ್ತಾನೆ." ಈ ಭಯ ಸುಳ್ಳಲ್ಲ. ಮೊಲಕ್ಕೆ, ಹಂದಿಗೆ ನಾಯಿ ಬಿಡುವವರು ಎಲ್ಲ ಊರಿನಲ್ಲೂ ಇದ್ದಾರೆ. ಆದ್ದರಿಂದಲೇ ನಾಯಿ ಖಾಸಗಿಯವರ ಕೈಗೆ ಹೋಗಬಾರದು, ಇಲಾಖೆಯ ಕೈಯಲ್ಲೇ ಇರಬೇಕು. ಹಗ್ಗ ಬಿಚ್ಚಬಾರದು. ರೇಬೀಸ್, ಡಿಸ್ಟೆಂಪರ್ ಚುಚ್ಚುಮದ್ದು ಇಲ್ಲದೆ ಕಾಡಿಗೆ ಕಾಲಿಡಬಾರದು, ಯಾಕೆಂದರೆ ನಾಯಿಯ ರೋಗ ಸೀಳುನಾಯಿಗೂ ನರಿಗೂ ಹತ್ತುತ್ತದೆ. ಕತ್ತಲಲ್ಲಿ ಹೋಗಬಾರದು, ಆನೆ ಇರುವ ಕಾಡು ಇದು. ಬೆಳಗಿನ ಇಬ್ಬನಿ ಆರುವ ಮುಂಚೆ ಹೊರಡಬೇಕು. ನಮ್ಮ ಬೇಸಿಗೆಯ ನೆಲ ಕಾದರೆ ವಾಸನೆ ಹಾರಿಹೋಗುತ್ತದೆ. ಈ ಕಟ್ಟುಪಾಡುಗಳನ್ನೆಲ್ಲ ಬರೆದಿಟ್ಟ ಮೇಲೆ ನಾಯಿ ತನ್ನಿ.

ಕಲ್ಲಿನಲ್ಲಿರುವ ನಾಯಿಗಳು

ಮಂಡ್ಯ ಜಿಲ್ಲೆ ಮದ್ದೂರು ಸೀಮೆಯ ಆತಕೂರಿನ ಶಾಸನ ಕನ್ನಡ ಮೇಷ್ಟ್ರುಗಳೆಲ್ಲ ಪಾಠ ಹೇಳುವ ಶಾಸನ. ಕ್ರಿ.ಶ. 949-50ರದು. ತಕ್ಕೋಲದ ಯುದ್ಧದಲ್ಲಿ ಮೆಚ್ಚುಗೆ ಪಡೆದ ಮಣಲೆರನೆಂಬ ವೀರ ಬಹುಮಾನವಾಗಿ ಕೇಳಿದ್ದು ಹೊನ್ನನ್ನಲ್ಲ, ಕಾಳಿ ಎಂಬ ನಾಯಿಯನ್ನು. ಆ ಕಾಳಿ ಕಾಡುಹಂದಿಯೊಡನೆ ಹೋರಾಡಿ ಎರಡೂ ಸತ್ತವು. ಮಣಲೆರ ಕಲ್ಲು ನಿಲ್ಲಿಸಿದ, ಪೂಜೆಗೆ ಭೂಮಿ ಬಿಡಿಸಿದ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅತ್ತ ತಮಿಳು ನೆಲದಲ್ಲಿ, ತಿರುವಣ್ಣಾಮಲೆ ಜಿಲ್ಲೆಯ ಎಡುತ್ತನೂರಿನ ವೀರಗಲ್ಲಿನಲ್ಲೂ ಒಡೆಯನ ಜೊತೆ ಕೋವಿವನ್ ಎಂಬ ನಾಯಿ ನಿಂತಿದೆ. ಅದು ಪಲ್ಲವ ಮಹೇಂದ್ರವರ್ಮನ ಕಾಲದ್ದು.

ಎರಡು ಭಾಷೆಯ ಜನರೂ ನಾಯಿಗೆ ಹೆಸರಿಟ್ಟು ಕಲ್ಲಿನಲ್ಲಿ ಕೂರಿಸಿದರು. ಆ ನಾಯಿಗಳು ಒಡೆಯನ ಋಣ ತೀರಿಸಿದವು. ಈಗ ನಾವು ಕೇಳುತ್ತಿರುವುದು ಕಾಡಿನ ಋಣ ತೀರಿಸುವ ಒಂದು ನಾಯಿ. ಹೊಸೂರು ಕಡೆಯ ಅಧಿಕಾರಿಗಳೂ ಬನ್ನೇರುಘಟ್ಟ, ಕಾವೇರಿ ವನ್ಯಧಾಮದ ಅಧಿಕಾರಿಗಳೂ ಒಂದು ದಿನ ಒಂದೇ ಮೇಜಿಗೆ ಕೂತರೆ ಸಾಕು. ನಾಯಿ ಎಲ್ಲಿ ಕಟ್ಟಬೇಕು, ಯಾರು ಹಿಟ್ಟು ಹಾಕಬೇಕು, ಹಳ್ಳದ ಆಚೆ ಹೋಗಲು ಯಾರ ಸಹಿ ಬೇಕು, ಮೂರೇ ಪ್ರಶ್ನೆ. ಅಷ್ಟರವರೆಗೆ ನಾವು ಮಾಡಬಹುದಾದದ್ದೂ ಇದೆ. ರಾತ್ರಿ ನಮ್ಮ ನಾಯಿಗಳನ್ನು ಕಟ್ಟೋಣ. ಬೇಲಿಯ ಸುತ್ತ ನಡೆದು ಉರುಳಿದ್ದರೆ ಅಧಿಕಾರಿಗಳಿಗೆ ತೋರಿಸೋಣ. ರಕ್ತ ಕಂಡಲ್ಲಿ ತುಳಿದು ಜಾಡು ಕೆಡಿಸದೆ, ಮೊದಲ ಹನಿಯ ಪಕ್ಕ ಒಂದು ಕಡ್ಡಿ ನೆಟ್ಟು, ಗುಂಪು ಸೇರಿಸದೆ, ಫೋನು ಮಾಡೋಣ. ಕರ್ನಾಟಕದ ಕಡೆಯಾದರೆ ಅರಣ್ಯ ಇಲಾಖೆಯ ನಂಬರು 1926.

ತಮಿಳುನಾಡಿನ ಕನ್ನಡಿಗರಿಗೆ ಶಾಲೆ ಬೇಕು, ಪುಸ್ತಕ ಬೇಕು, ಬೋರ್ಡು ಬೇಕು ಎಂದು ನಾವು ಈ ಪುಟಗಳಲ್ಲಿ ಬಹಳ ಕೇಳಿದ್ದೇವೆ, ಮುಂದೆಯೂ ಕೇಳುತ್ತೇವೆ. ಬಾಯಿ ಇರುವ ನಮ್ಮ ಮಾತನ್ನು ಎರಡು ರಾಜ್ಯದಲ್ಲಿ ಯಾರಾದರೊಬ್ಬರು ಕೇಳಿಸಿಕೊಳ್ಳುತ್ತಾರೆ. ಬಾಯಿಲ್ಲದ್ದರ ಪರವಾಗಿ ಕೇಳುವ ಕೆಲಸ ಹೊಲದ ಬದುವಿನಲ್ಲಿ ಮೊದಲ ಹನಿ ರಕ್ತ ಕಾಣುವ ನಮ್ಮದೇ.